ಭಕ್ಷೀಸು ಸೇರಿದೆ

ನಮ್ಮೂರಿನವರು ಕೊಸರಿಲ್ಲದೆ ಹೆಣವನ್ನೂ ಹೊರುವವರಲ್ಲ. ಸೊಪ್ಪು ಕೊಂಡರೆ ಮೇಲೊಂದು ಕರಿಬೇವಿನ ಎಸಳು, ಮಲ್ಲಿಗೆ ಕೊಂಡರೆ ಮೊಳದ ಮೇಲೆ ಎರಡು ಬೆರಳು, ಹಾಲು ಕೊಂಡರೆ ಅಳತೆಯ ಮೇಲೊಂದು ತೊಟ್ಟು ಬೀಳದೆ ಯಾರೂ ಕಾಲು ಕೀಳುವುದಿಲ್ಲ. ಹೆಣದ ಮಾತು ಸುಮ್ಮನೆ ಹೇಳಿದ್ದಲ್ಲ. ನಮ್ಮ ಮಾವ ತೀರಿಕೊಂಡಾಗ ಚಟ್ಟಕ್ಕೆ ಬಿದಿರು ತರಲು ಹೋದವರು ಅಳುತ್ತಳುತ್ತಲೇ ಒಂದು ಗಳ ಮೇಲೆ ಹಾಕಿಸಿಕೊಂಡು ಬಂದರು. ಆ ಗಳ ಈಗಲೂ ನಮ್ಮ ಹಿತ್ತಲಲ್ಲಿ ಬಟ್ಟೆ ಒಣಹಾಕಲು ಬಳಕೆಯಲ್ಲಿದೆ. ಗಂಡ ಹೋದ ಮೇಲೆ ನಮ್ಮ ಜವಳಿ ಅಂಗಡಿಯನ್ನು ನಾನೇ ನೋಡಿಕೊಳ್ಳುತ್ತೇನೆ. ಅಳತೆ ಮುಗಿದ ಜಾಗದಿಂದ ಕತ್ತರಿಯನ್ನು ಒಂದು ಬೆರಳು ಆಚೆ ಸರಿಸದೆ ಒಂದು ತುಂಡು ಬಟ್ಟೆಯೂ ನನ್ನ ಕೈಯಿಂದ ಹೋದದ್ದಿಲ್ಲ. ಸರಿಸುವ ಮೊದಲು ನಾಲ್ಕು ಮಾತು ಬಯ್ಯುತ್ತೇನೆ, ಅದು ಬೇರೆ.

ಇಂಥ ಊರಿನ ಧಕ್ಕೆಗೆ ಆ ಹಡಗು ಬರುತ್ತದೆ. ಊರ ಮುಂದಿನ ನೀರನ್ನು ಕೆಲವರು ಸಮುದ್ರ ಅನ್ನುತ್ತಾರೆ, ಕೆಲವರು ಹೊಳೆ ಅನ್ನುತ್ತಾರೆ. ಬಾಯಿಗೆ ಹಾಕಿ ನೋಡಿ ತೀರ್ಮಾನಿಸುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಬಿಳಿಯ ಬಣ್ಣದ ದೊಡ್ಡ ಹಡಗು, ಮೇಲೆ ಊಟದ ಹಜಾರ, ಕೆಳಗೆ ಸಾಲು ಕೋಣೆಗಳು. ಹತ್ತಿದವರನ್ನು ಒಂದು ವಾರ ನೀರಿನ ಮೇಲೆ ತಿರುಗಿಸಿ, ತಿನ್ನಿಸಿ, ಮಲಗಿಸಿ, ಮತ್ತೆ ಅದೇ ಧಕ್ಕೆಗೆ ತಂದು ಬಿಡುತ್ತದೆ. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರೆ ಹೋಗಿಬಂದವರು ಏನು ತಿಂದೆವು ಎಂದು ಹೇಳುತ್ತಾರೆ. ಇಳಿಯುವ ಭಾಗ್ಯ ಪ್ರಯಾಣಿಕರಿಗೆ. ಕೆಲಸಕ್ಕೆಂದು ಹತ್ತಿದವರು ಕೈಗೆ ಕೊಸರು ಬೀಳದೆ ಇಳಿಯಲಾರರು. ಇಳಿಯಬಾರದೆಂಬ ಕಟ್ಟಳೆಯಲ್ಲ; ಧಕ್ಕೆಗೆ ಇಳಿಯುವ ಹಲಗೆಯ ಹತ್ತಿರ ಬಂದರೆ ಕಾಲು ಏಳುವುದಿಲ್ಲ, ಅಷ್ಟೆ. ಅವರಿಂದ ಉಪಚಾರ ಮಾಡಿಸಿಕೊಂಡ ಪ್ರಯಾಣಿಕರು, ತಾವು ಹಡಗು ಬಿಡುವ ಮೊದಲು, ಕೊಡಬೇಕಾದದ್ದರ ಮೇಲೆ ಒಂದಿಷ್ಟು ಏನನ್ನಾದರೂ ಕೈಯಾರೆ ಕೊಡಬೇಕು. ಒಂದು ಕಿತ್ತಳೆಹಣ್ಣಾದರೂ ಆದೀತು. ಬೇಡಿ ಪಡೆದದ್ದು ನಡೆಯುವುದಿಲ್ಲ, ಧಕ್ಕೆಯಿಂದ ನೆಂಟರು ಎಸೆದದ್ದು ನಡೆಯುವುದಿಲ್ಲ, ಬದಲಿಗೆ ಏನನ್ನಾದರೂ ತೆಗೆದುಕೊಂಡು ಕೊಟ್ಟದ್ದಂತೂ ನಡೆಯುವುದೇ ಇಲ್ಲ. ಇದು ನಮ್ಮೂರಿನ ಕೂಸುಕುನ್ನಿಗೂ ಗೊತ್ತು.

ಹಿಂದೆ ಇದು ಯಾರಿಗೂ ಭಾರವಾಗಿರಲಿಲ್ಲವಂತೆ. ನಮ್ಮ ಅತ್ತೆ ಹೇಳುತ್ತಿದ್ದರು: ಇಳಿಯುವವರು ಕೋಣೆ ಗುಡಿಸಿದವಳ ಕೈಗೆ ಒಂದು ರವಿಕೆ ಕಣವನ್ನೋ, ಅಡುಗೆಯವನ ಕೈಗೆ ಒಂದು ಕಟ್ಟು ಬೀಡಿಯನ್ನೋ ಇಟ್ಟು ಇಳಿಯುತ್ತಿದ್ದರು, ಹಿಂದೆಯೇ ಕೆಲಸದವರೂ ಇಳಿದು, ಮನೆಯಲ್ಲಿ ಎರಡು ದಿನ ಇದ್ದು ಮತ್ತೆ ಹತ್ತುತ್ತಿದ್ದರು. ಆಮೇಲೆ ಕಂಪನಿಯವರು ಟಿಕೆಟ್ಟಿನ ಕೆಳಗೆ ‘ಭಕ್ಷೀಸು ಸೇರಿದೆ’ ಎಂದು ಅಚ್ಚು ಹಾಕಿಸಿದರು. ಊರಿಗೆ ಊರೇ ಹಾಯಾಗಿ ಉಸಿರು ಬಿಟ್ಟಿತು. ಆ ಭಕ್ಷೀಸು ಯಾರ ಕೈಗೆ ಹೋಗುತ್ತದೆ ಎಂದು ಒಬ್ಬರೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಉತ್ತರ ಸಿಕ್ಕಿಬಿಡುತ್ತದೋ ಎಂಬ ಭಯ. ಅಂದಿನಿಂದ ಹತ್ತಿದವರು ಹತ್ತಿದಲ್ಲೇ ಉಳಿದರು. ಸಂಬಳ ತಪ್ಪದೆ ಮನೆಗೆ ಬರುತ್ತದೆಯಾದ್ದರಿಂದ ಹತ್ತುವವರಿಗೂ ಬರವಿಲ್ಲ. ತಮಗೆ ಯಾರಾದರೂ ಪುಣ್ಯಾತ್ಮರು ಸಿಕ್ಕೇ ಸಿಗುತ್ತಾರೆ ಎಂದು ನಂಬಿಕೊಂಡೇ ಹತ್ತುತ್ತಾರೆ. ಇದೇ ಊರಲ್ಲಿ ಹುಟ್ಟಿ ಬೆಳೆದವರಿಗೆ ಇಂಥ ನಂಬಿಕೆ ಎಲ್ಲಿಂದ ಬರುತ್ತದೋ ನಾನರಿಯೆ.

ಊರು ಹೊಂದಿಕೊಂಡಿತು. ಹೊಂದಿಕೊಳ್ಳುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಹಡಗು ಬಂದು ನಿಂತ ದಿನ ಧಕ್ಕೆಯ ಮೇಲೆ ಸಂತೆಯೇ ನೆರೆಯುತ್ತದೆ. ಮಕ್ಕಳ ಮಾರ್ಕ್ಸ್ ಕಾರ್ಡನ್ನು ಬಿದಿರುಗಳದ ತುದಿಗೆ ಸಿಕ್ಕಿಸಿ ಚಾಚಿದರೆ ಅಪ್ಪ ಹಡಗಿನ ಕಟಕಟೆಗೆ ಒರಗಿ ಸಹಿ ಹಾಕಿ ಕೊಡುತ್ತಾನೆ. ಮದುವೆಯಾದರೆ ವಧು ಕೆಳಗೆ, ವರ ಮೇಲೆ. ಗಾಳಿ ನೋಡಿಕೊಂಡು ಅಕ್ಷತೆ ಎಸೆಯಬೇಕು. ತೊಟ್ಟಿಲಿಗೆ ಉದ್ದನೆಯ ಹಗ್ಗ ಕಟ್ಟಿ ಮೇಲೆ ಕೊಟ್ಟರೆ ಅಲ್ಲಿಂದಲೇ ತೂಗುತ್ತಾರೆ. ಹೋದ ವರ್ಷ ಹಡಗಿನ ಅಡುಗೆಯವನ ತಾಯಿ ತೀರಿಕೊಂಡಾಗ ಚಟ್ಟವನ್ನು ಧಕ್ಕೆಗೆ ತಂದು, ಮಗನಿಗೆ ಮುಖ ಕಾಣಲೆಂದು ತಲೆಯ ಕಡೆಯನ್ನು ಎತ್ತಿ ಹಿಡಿದರು. ಹಿಡಿದವರಲ್ಲಿ ಇಬ್ಬರು ಅವನ ಕೈಯಡುಗೆಯನ್ನು ಒಂದು ವಾರ ಬೆರಳು ನೆಕ್ಕಿಕೊಂಡು ಉಂಡು ಬಂದವರು. ಪಾಪ, ಪಾಪ ಎಂದರು. ಪಾಪ ಅನ್ನಲು ಕೈಯಿಂದ ಏನೂ ಬಿಚ್ಚಬೇಕಾಗಿಲ್ಲವಲ್ಲ.

ನಾನು ಆ ಹಡಗು ಹತ್ತಿದ್ದು ನನ್ನ ನಾದಿನಿ ಗಂಗಾಂಬಿಕೆಯ ದೆಸೆಯಿಂದ. ಅವಳ ಗಂಡ ಪಂಚಾಕ್ಷರಪ್ಪನವರು ಸಹಕಾರಿ ಬ್ಯಾಂಕಿನ ಮ್ಯಾನೇಜರಾಗಿ ನಿವೃತ್ತರಾದವರು. ಅವರಿಗೆ ಅರವತ್ತು ತುಂಬಿದ ಸಂಭ್ರಮಕ್ಕೆ ಈ ಪ್ರಯಾಣ. ಮೂರು ಟಿಕೆಟ್ಟು ಕೊಂಡರೆ ನಾಲ್ಕನೆಯದು ಪುಕ್ಕಟೆ ಎಂದು ಕಂಪನಿಯವರು ಸಾರಿದ್ದರು. ಗಂಡಹೆಂಡಿರದು ಎರಡಾಯಿತು, ಮೂರನೆಯದನ್ನು ಕಾಳಿನ ವ್ಯಾಪಾರಿ ಶಂಕ್ರಪ್ಪ ಎಂಬ ಗೆಳೆಯನ ತಲೆಗೆ ಕಟ್ಟಿದರು. ನಾಲ್ಕನೆಯದು ಹಾಳಾಗಬಾರದಲ್ಲ, ಆಗ ಗಂಗಾಂಬಿಕೆಗೆ ವಿಧವೆ ವೈನಿಯ ನೆನಪಾಯಿತು. ಅಂದರೆ ಆ ಪ್ರಯಾಣಕ್ಕೆ ಕೊಸರಾಗಿ ಹೋದವಳು ನಾನೇ. ಹೋಗುವಾಗ ಎರಡು ಸೀರೆ, ಎಲೆ ಅಡಿಕೆಯ ಸಂಚಿ, ಇಷ್ಟೇ ನನ್ನ ಸಾಮಾನು. ಸಂಚಿ ಅಂಗಡಿಯ ತುಂಡು ಬಟ್ಟೆಗಳಿಂದ ನಾನೇ ಹೊಲಿದುಕೊಂಡದ್ದು. ಒಳಗಿನ ಹಿತ್ತಾಳೆಯ ಅಡಕೊತ್ತು ನನ್ನ ತವರಿನದು, ಅವ್ವ ಕೊಟ್ಟದ್ದು. ಅದರ ಮೇಲೆ ಗಂಗಾಂಬಿಕೆಗೆ ಮೊದಲಿನಿಂದಲೂ ಕಣ್ಣು. ‘ನಿಮ್ಮ ಕಾಲ ಆದ ಮ್ಯಾಲ ಅದು ನನಗ ಇರಲಿ ವೈನಿ’ ಎಂದು ಹಬ್ಬ ಹರಿದಿನಗಳಲ್ಲಿ ನೆನಪಿಸುತ್ತಿದ್ದಳು.

ನಮ್ಮ ಸಾಲಿನ ಕೋಣೆಗಳನ್ನು ನೋಡಿಕೊಳ್ಳುತ್ತಿದ್ದವಳು ಹಾಲವ್ವ. ಗಟ್ಟಿಮುಟ್ಟಾದ ಹೆಂಗಸು, ತಲೆಯಲ್ಲಿ ಅಲ್ಲೊಂದು ಇಲ್ಲೊಂದು ಬೆಳ್ಳಿಕೂದಲು. ನಾವು ಕಣ್ಣು ಬಿಡುವ ಮೊದಲೇ ಬಿಸಿನೀರು ಇಟ್ಟಿರುತ್ತಿದ್ದಳು, ನಾವು ಉಂಡು ಬರುವಷ್ಟರಲ್ಲಿ ಹಾಸಿಗೆ ಕೊಡವಿ ಹಾಸಿರುತ್ತಿದ್ದಳು. ಮಗಳು ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗ ಹಡಗು ಹತ್ತಿದವಳು. ಅದೇ ಮಗಳ ಮದುವೆಯನ್ನೂ ಕಟಕಟೆಯಿಂದಲೇ ನೋಡಿದ್ದಳು. ಈಗ ಆ ಮಂಜವ್ವ ತುಂಬು ಬಸುರಿ. ನಾವು ಹೊರಟ ದಿನ ಸೊಂಟಕ್ಕೆ ಕೈ ಕೊಟ್ಟುಕೊಂಡು ಧಕ್ಕೆಯ ಮೇಲೆ ನಿಂತಿದ್ದಳು. ಅವಳ ಮನೆಯಲ್ಲಿ ಅತ್ತೆಯಿಲ್ಲ, ಅಕ್ಕತಂಗಿಯರೂ ಇಲ್ಲ. ಚೊಚ್ಚಲ ಬಾಣಂತನ ಯಾರು ಮಾಡಬೇಕು ಎಂಬುದೇ ಹಾಲವ್ವನ ತಲೆಯಲ್ಲಿದ್ದ ಮಾತು, ಮತ್ತು ಅದೊಂದನ್ನೇ ಅವಳು ಬಾಯಿ ಬಿಟ್ಟು ಆಡುವಂತಿರಲಿಲ್ಲ. ಆಡಿದರೆ ಬೇಡಿದಂತಾಗಿ ಬಂದದ್ದೂ ಕೆಡುತ್ತದಲ್ಲ.

ಆದರೂ ಮನಸ್ಸಿನಲ್ಲಿದ್ದದ್ದು ಕೈಯಲ್ಲಿ ಕಾಣುತ್ತದೆ. ಒಂದು ಮಧ್ಯಾಹ್ನ ಅವಳ ಸೆರಗಿಗೆ ತುಪ್ಪದ, ಹುರಿದ ಅಂಟಿನ ವಾಸನೆ ಅಂಟಿತ್ತು. ಕೇಳಿದೆ. ‘ಬಾಣಂತಿಗೆ ಅಂಟಿನುಂಡಿ ಕಟ್ಟಾಕತ್ತೇನ್ರಿ ಅಕ್ಕಾರ. ಅಡಗಿಮನ್ಯಾಗ ಒಂದು ಒಲಿ ಬಿಟ್ಟು ಕೊಟ್ಟಾರ. ನಾವು ವಾಪಸ್ ಮುಟ್ಟೂದ್ರಾಗ ದಿನಾ ತುಂಬಿರ್ತಾವ’ ಎಂದಳು. ಉಂಡಿಯನ್ನು ಹೇಗೆ ಕಳಿಸುತ್ತೀ ಎಂದೆ. ‘ಗಳಕ್ಕ ಡಬ್ಬಿ ಕಟ್ಟಿ ಇಳಸ್ತೇನ್ರಿ. ಉಂಡಿ ಇಳೀತಾವ’ ಎಂದು ದಿಂಬಿಗೆ ಹೊಸ ಗವಸು ಹಾಕತೊಡಗಿದಳು.

ಮರುದಿನ ಊಟದ ಹಜಾರದಲ್ಲಿ ಸಂಚಿ ಮರೆತಿದ್ದೇನೆಂದುಕೊಂಡು, ಅದು ಸೊಂಟದಲ್ಲೇ ಇದ್ದದ್ದು ತಿಳಿದು ಅರ್ಧ ದಾರಿಯಿಂದ ಕೋಣೆಗೆ ತಿರುಗಿ ಬಂದೆ. ಬಚ್ಚಲ ಬಾಗಿಲು ತೆರೆದಿತ್ತು. ಹಾಲವ್ವ ನೆಲದ ಮೇಲೆ ಕುಳಿತು, ಸೀರೆಯನ್ನು ಮೊಳಕಾಲ ಮೇಲೆ ಎತ್ತಿಕಟ್ಟಿ, ಎರಡೂ ಕಾಲು ನೀಡಿಕೊಂಡಿದ್ದಳು. ಕಾಲ ಮೇಲೆ ನನ್ನ ದಿಂಬು ಬೋರಲಾಗಿ ಮಲಗಿತ್ತು. ಎಡಗೈಯಿಂದ ಅದರ ಕುತ್ತಿಗೆಯ ಜಾಗವನ್ನು ಆತುಕೊಂಡು, ಬಲಗೈಯಿಂದ ಬರಿದಾದ ಚೊಂಬು ಬಗ್ಗಿಸುತ್ತ, ಬೆನ್ನು ತಿಕ್ಕುತ್ತಿದ್ದಳು. ಕೂಸಿಗೆ ಎರೆಯುವ ಕೈ ಮರೆತುಹೋಗಿದೆಯೇನೋ ಎಂದು ನೋಡಿಕೊಳ್ಳುತ್ತಿದ್ದಳೆಂದು ಕಾಣುತ್ತದೆ. ನಾನು ಸದ್ದು ಮಾಡದೆ ಹಿಂದೆ ಸರಿದೆ. ಕಣ್ಣಲ್ಲಿ ನೀರು ಬಂತು. ಆಮೇಲೆ ನನ್ನ ಮೇಲೆಯೇ ಸಿಟ್ಟು ಬಂತು, ಬರಿಯ ಕಣ್ಣೀರು ನಮ್ಮೂರಿನವರಿಗೆಲ್ಲ ಬರುತ್ತದೆ.

ಅಂದು ಊಟಕ್ಕೆ ಕುಳಿತಾಗ ನಾನೇ ಮಾತು ತೆಗೆದೆ. ಹಾಲವ್ವನಿಗೆ ಇಳಿಯುವಾಗ ಏನಾದರೂ ಕೊಡಬಾರದೇ ಎಂದೆ. ಮೂವರೂ ತಟ್ಟೆಯಿಂದ ತಲೆಯೆತ್ತಿ ನನ್ನನ್ನು ಮಕ್ಕಳ ಮುಂದೆ ಕೆಟ್ಟ ಮಾತಾಡಿದವಳಂತೆ ನೋಡಿದರು. ಪಂಚಾಕ್ಷರಪ್ಪನವರು ಜೇಬಿನಿಂದ ಟಿಕೆಟ್ಟು ತೆಗೆದು ಮೇಜಿನ ಮೇಲಿಟ್ಟು, ಕೆಳಗಿನ ಸಾಲಿನ ಮೇಲೆ ಬೆರಳಿಟ್ಟರು. ‘ಓದ್ರಿ ಅಕ್ಕಾರ. ಸೇರೇತಿ ಅಂದ್ರ ಸೇರೇತಿ. ಒಂದು ಸಲ ಕೊಟ್ಟಿದ್ದನ್ನ ಮತ್ತ ಕೊಡೂದು ವ್ಯವಹಾರ ಅಲ್ಲ.’ ‘ವ್ಯವಹಾರ ಅಲ್ಲರಿ, ಕೊಸರು’ ಎಂದೆ. ‘ಕೊಸರು ತಗೊಳ್ಳೂದಕ್ಕ ಒಂದು ಪದ್ಧತಿ ಐತಿ. ಕೊಡೂದಕ್ಕ ಪದ್ಧತಿ ಎಲ್ಲೈತಿ?’ ಎಂದು ನಕ್ಕರು. ಬ್ಯಾಂಕಿನಲ್ಲಿ ಇದ್ದಷ್ಟು ದಿನವೂ ಪಡಿಪದಾರ್ಥವೆಲ್ಲ ಅವರಿವರ ಮನೆಯಿಂದ ಬರುತ್ತಿದ್ದ ಮಹಾನುಭಾವರು ಇವರು.

ಶಂಕ್ರಪ್ಪನ ತರ್ಕ ಇನ್ನೂ ಚೆಂದ. ಹೋಳಿಗೆಯ ಮೇಲೆ ತುಪ್ಪ ಸುರಿದುಕೊಳ್ಳುತ್ತ, ‘ಆಕಿ ಇಳಿದು ಹೋದ್ರ ಮುಂದ ಬರೋ ಪ್ರಯಾಣಿಕರಿಗೆ ಬಿಸಿನೀರು ತರೋರು ಯಾರ್ರಿ? ಅವರಿಗೆ ನಾವು ಅನ್ಯಾಯ ಮಾಡಿದಂಗ ಆಗಂಗಿಲ್ಲೇನು? ಇಂಥ ಪಳಗಿದ ಕೈ ಮತ್ತ ಸಿಗೂದಿಲ್ಲ’ ಎಂದ. ಮುಖ ನೋಡದ, ಹೆಸರು ತಿಳಿಯದ ಮುಂದಿನ ಪ್ರಯಾಣಿಕರ ಮೇಲೆ ಅವನಿಗೆ ಅಂತಃಕರಣ ಉಕ್ಕಿ ಬಂದಿತ್ತು. ಗಂಗಾಂಬಿಕೆ ಸೆರಗಿನಿಂದ ಕಣ್ಣಂಚು ಒತ್ತಿಕೊಂಡಳು. ‘ನನಗೂ ಹೊಟ್ಟಿ ಚುರ್ ಅಂತೈತಿ ವೈನಿ. ಆದ್ರ ಒಬ್ಬಾಕಿಗೆ ಕೊಟ್ರ ಉಳದೋರು ಏನ್ ತಿಳ್ಕೋಬೇಕು? ಎಲ್ಲಾರಿಗೂ ಕೊಡಾಕ ಆಗಂಗಿಲ್ಲ. ಅದಕ್ಕ ಯಾರಿಗೂ ಕೊಡದಿದ್ರ ಯಾರಿಗೂ ಬ್ಯಾಸರಿಲ್ಲ.’ ಹೀಗೆಂದವಳು ಮೇಜಿನ ಮೇಲಿನ ಉಪ್ಪಿನಕಾಯಿ ಬಟ್ಟಲನ್ನು ಕರವಸ್ತ್ರದಲ್ಲಿ ಸುತ್ತಿ ಚೀಲಕ್ಕೆ ಸೇರಿಸಿದಳು. ಅಷ್ಟರಲ್ಲಾಗಲೇ ಆ ಚೀಲದಲ್ಲಿ ಎರಡು ಚಮಚ, ಒಂದು ಸಣ್ಣ ಟವೆಲ್ಲು ಸೇರಿದ್ದವು.

ಪಂಚಾಕ್ಷರಪ್ಪನವರಿಗೆ ಇದ್ದಕ್ಕಿದ್ದಂತೆ ಇನ್ನೊಂದು ಹೊಳೆಯಿತು. ‘ಅಂದಂಗ ಅಕ್ಕಾರ, ನಿಮ್ಮದು ಪುಕ್ಕಟೆ ಟಿಕೆಟ್ಟು. ಅದರಾಗ ಭಕ್ಷೀಸು ಸೇರಿಲ್ಲ. ಧರ್ಮ ನೋಡಿದ್ರ ನೀವ ಕೊಡಬೇಕು.’ ಮೂವರೂ ಹಗುರಾಗಿ ಮತ್ತೆ ಹೋಳಿಗೆಗೆ ಕೈಹಾಕಿದರು. ನಾನು ಅಡಕೊತ್ತು ತೆಗೆದು ಒಂದು ಅಡಿಕೆಯನ್ನು ಕಟಕ್ಕನೆ ಸೀಳಿದೆ. ಕೊಟ್ಟರಾಯಿತು ಎಂದುಕೊಂಡೆ. ಆದರೆ ಏನು ಕೊಡುವುದು? ಬಂದದ್ದೇ ಬಿಟ್ಟಿಯಾಗಿ, ಉಟ್ಟ ಸೀರೆ, ಇನ್ನೊಂದು ಸೀರೆ. ಮನೆಗೆ ಮುಟ್ಟಿದ ಮೇಲೆ ಒಂದು ಒಳ್ಳೆಯ ಸೀರೆಯನ್ನೇ ಕಳಿಸೋಣ ಎಂದರೆ ಧಕ್ಕೆಯಿಂದ ಕೊಟ್ಟದ್ದು ನಡೆಯುವುದಿಲ್ಲ. ನನ್ನ ಖರ್ಚು ನೋಡಿಕೊಂಡ ನಾದಿನಿಯ ಮುಂದೆ ನಾನು ಕೊಟ್ಟರೆ ಅವಳ ಮುಖಕ್ಕೆ ಹೊಡೆದಂತಾಗುತ್ತದಲ್ಲ ಎಂಬ ಸಂಕೋಚವೂ ಇತ್ತು. ಸೊಂಟದಲ್ಲಿ ಸಂಚಿ ಇದೆ ಎಂಬುದು ಮಾತ್ರ ಒಂದು ಗಳಿಗೆಯೂ ಹೊಳೆಯಲಿಲ್ಲ. ನಾನೇನು ಬೇರೆ ಊರಿನವಳೇ?

ಕೊನೆಗೆ ಗಂಗಾಂಬಿಕೆಯ ಮನಸ್ಸು ಕರಗಿಸಿದ್ದು ದಯೆಯಲ್ಲ, ಫೋಟೋ. ಊರಿನ ಪತ್ರಿಕೆಯವನು ಹಡಗು ಮುಟ್ಟುವ ದಿನ ಧಕ್ಕೆಗೆ ಬರುತ್ತಾನೆಂದು ಹಡಗಿನ ಮ್ಯಾನೇಜರು ಹೇಳಿದ್ದೇ ತಡ, ಅವಳ ಕಣ್ಣು ಮಿಂಚಿತು. ಗಂಡನ ಅರವತ್ತರ ನೆನಪಿಗೆ ಹೆಂಡತಿ ಒಬ್ಬಳನ್ನು ಇಳಿಸಿದಳೆಂದು ಹೆಸರು ಬರುತ್ತದೆ! ಪಂಚಾಕ್ಷರಪ್ಪನವರು ಆ ಸುದ್ದಿಗೆ ತಲೆಬರಹವನ್ನೂ ಯೋಚಿಸಿದರು. ಕೊಡಲು ಆರಿಸಿದ್ದು ಒಂದು ಹಸಿರು ಸೀರೆ. ನನ್ನ ಅಂಗಡಿಯದೇ, ಮಡಿಕೆಯ ಗೆರೆಯಲ್ಲಿ ಬಣ್ಣ ಹೋಗಿದೆಯೆಂದು ಕಡಿಮೆಗೆ ಒಯ್ದು, ಮೇಲೊಂದು ರವಿಕೆ ಕಣವನ್ನೂ ಕೊಸರಾಗಿ ಕಿತ್ತುಕೊಂಡು ಹೋಗಿದ್ದಳು. ಆದರೂ ನನಗೆ ಸಂತೋಷವಾಯಿತು. ಕಾರಣ ಏನಾದರೂ ಆಗಲಿ, ಹಾಲವ್ವ ಇಳಿದರೆ ಸಾಕು. ಆ ರಾತ್ರಿ ನೆಮ್ಮದಿಯಾಗಿ ಮಲಗಿದೆ.

ಹಡಗು ಧಕ್ಕೆಗೆ ಮುಟ್ಟಿದಾಗ ಬಿಸಿಲು ಏರಿತ್ತು. ಹಲಗೆ ಹಾಕಿದರು. ಕೆಲಸದವರೆಲ್ಲ ಹಲಗೆಯ ಪಕ್ಕದಲ್ಲಿ ಸಾಲಾಗಿ ಕೈಮುಗಿದು ನಿಂತರು. ಮ್ಯಾನೇಜರು ನಗುತ್ತ, ‘ಏನೂ ತ್ರಾಸು ತಗೋಬ್ಯಾಡ್ರಿ, ಎಲ್ಲಾ ಸೇರೇತಿ, ಎಲ್ಲಾ ಸೇರೇತಿ’ ಎಂದು ಒಬ್ಬೊಬ್ಬರನ್ನೇ ಬೀಳ್ಕೊಡುತ್ತಿದ್ದರು. ಕೆಳಗೆ ಜನ, ಗಳಗಳು, ಬುತ್ತಿಗಳು. ಮಂಜವ್ವ ಒಂದು ಮೂಟೆಯ ಮೇಲೆ ಕುಳಿತಿದ್ದಳು. ಮುಖ ಬಾಡಿತ್ತು, ಕೈ ಬೆನ್ನಿನ ಮೇಲಿತ್ತು. ಉಂಡಿಯ ಡಬ್ಬಿ ಆಗಲೇ ಗಳದ ಮೇಲೆ ಇಳಿದು ಅವಳ ಮಡಿಲು ಸೇರಿತ್ತು.

ಶಂಕ್ರಪ್ಪ ಹಾಲವ್ವನ ಕಡೆ ಕಣ್ಣು ಹಾಯಿಸದೆ ಇಳಿದ. ಪಂಚಾಕ್ಷರಪ್ಪನವರು ಪತ್ರಿಕೆಯವನನ್ನು ನಿಲ್ಲಿಸಲೆಂದು ಮುಂದೆ ಓಡಿದರು. ಗಂಗಾಂಬಿಕೆ ಹಲಗೆಯ ತಲೆಯಲ್ಲಿ ನಿಂತು, ಸೆರಗು ಸರಿಪಡಿಸಿಕೊಂಡು, ಕ್ಯಾಮೆರಾದ ಕಡೆ ಮುಖ ಮಾಡಿ ಸೀರೆಯನ್ನು ಹಾಲವ್ವನ ಕೈಯಲ್ಲಿಟ್ಟಳು. ಹಾಲವ್ವ ಎರಡೂ ಕೈಗಳಿಂದ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಮಂಜವ್ವ ಮೂಟೆ ಬಿಟ್ಟು ಎದ್ದಳು. ಎಷ್ಟೋ ವರ್ಷಗಳಲ್ಲಿ ಯಾರೂ ಕಂಡಿರದ ಕೆಲಸ ಅದು. ಅಷ್ಟಕ್ಕೆ ನಮ್ಮ ನಾದಿನಿ ಇಳಿದು ಹೋಗಬಾರದೇ? ಗಂಗಾಂಬಿಕೆಯ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು. ‘ಹಂಗ ಆ ಕೋಣ್ಯಾಗಿಡೋ ಸೋಪು ಇದ್ರ ಒಂದ್ ನಾಕು ಹಾಕವ್ವ ಚೀಲದಾಗ, ಮನಿಗೆ ಆಕ್ಕಾವ.’ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಉಸಿರಾಡಿದಷ್ಟೇ ಸಹಜವಾಗಿ ಹೇಳಿದಳು. ಹಾಲವ್ವನ ಕೈಯೂ ಅಷ್ಟೇ ಸಹಜವಾಗಿ ಉಡಿಗೆ ಹೋಯಿತು. ಸೋಪುಗಳು ಚೀಲಕ್ಕೆ ಬಿದ್ದವು. ಗಂಗಾಂಬಿಕೆ ಮದುವಣಗಿತ್ತಿಯಂತೆ ಹಲಗೆ ಇಳಿದಳು.

ಹಾಲವ್ವ ಸೀರೆಯನ್ನು ಎದೆಗವಚಿಕೊಂಡು ಹಲಗೆಯ ತಲೆಗೆ ಬಂದಳು. ಬಲಗಾಲು ಎತ್ತಲು ಹೋದಳು. ಏಳಲಿಲ್ಲ. ಎಡಗಾಲೂ ಏಳಲಿಲ್ಲ. ತನ್ನ ಪಾದಗಳನ್ನೇ ನೋಡುತ್ತ ನಿಂತಳು. ಕೆಳಗೆ ಯಾರೋ ‘ಸೋಪಿಗೆ ಸೀರಿ ಆತು ಬಿಡ್ರಿ’ ಎಂದರು. ಇನ್ಯಾರೋ ‘ಸೋಪು ವಾಪಸ್ ಕೊಟ್ಟು ಮತ್ತೊಮ್ಮೆ ಕೊಡ್ರಿ’ ಎಂದರೆ, ಗಂಗಾಂಬಿಕೆ ಆಗಲೇ ನೆಲ ಮುಟ್ಟಿದ್ದಳು. ಇನ್ನು ಅವಳು ಕೊಟ್ಟದ್ದಕ್ಕೆ ಬೆಲೆಯಿಲ್ಲ. ಪಂಚಾಕ್ಷರಪ್ಪನವರು ಪತ್ರಿಕೆಯವನಿಗೆ, ‘ಕೊಟ್ಟಿದ್ದು ಬಂತಲ್ಲ ಫೋಟೋದಾಗ? ಅಷ್ಟ ಸಾಕು’ ಎಂದರು. ಆಮೇಲೆ ನನ್ನ ನಾದಿನಿ ಆಡಿದ ಮಾತನ್ನು ನಾನು ಸಾಯುವವರೆಗೂ ಮರೆಯಲಾರೆ. ಮೇಲಕ್ಕೆ ಮುಖ ಮಾಡಿ, ‘ಹೆಂಗೂ ನಿನಗ ಉಪಯೋಗಕ್ಕ ಬರಲಿಲ್ಲಲ್ಲವ್ವ. ಆ ಸೀರಿ ಇಳಿಸಿಬಿಡು’ ಎಂದಳು. ಹಾಲವ್ವ ಸೀರೆಯ ಮಡಿಕೆ ಸರಿಮಾಡಿ, ಗಳದ ತುದಿಗೆ ಸಿಕ್ಕಿಸಿ ಇಳಿಸಿದಳು. ಸೋಪು ಮಾತ್ರ ಚೀಲದಲ್ಲೇ ಉಳಿಯಿತು.

ಹಡಗಿನ ಮೇಲೆ ಉಳಿದ ಪ್ರಯಾಣಿಕಳು ನಾನೊಬ್ಬಳೇ. ಮಂಡಿನೋವು, ಎಲ್ಲರೂ ಇಳಿಯಲಿ ಎಂದು ಹಿಂದೆ ನಿಂತಿದ್ದೆ. ನನಗೆ ಬಂದ ಸಿಟ್ಟು ಎಂಥದೆಂದರೆ ಕಣ್ಣು ಮಂಜಾಯಿತು. ಕರುಣೆಯಿಂದ ಕೊಟ್ಟೆನೆಂದು ಯಾರಾದರೂ ಹೊಗಳಿದರೆ ನಂಬಬೇಡಿ, ನಾನು ಕೊಟ್ಟದ್ದು ಸಿಟ್ಟಿನಿಂದ. ಸಿಟ್ಟು ಬಂದಾಗ ನನ್ನ ಕೈ ಸಂಚಿಗೆ ಹೋಗುತ್ತದೆ, ಅಂದೂ ಹೋಯಿತು. ಎಲೆ ತೆಗೆಯುವ ಬದಲು ಸೊಂಟದಿಂದ ಸಂಚಿಯನ್ನೇ ಕಿತ್ತು ಹಾಲವ್ವನ ಕೈಗೆ ತುರುಕಿ, ‘ಹಿಡಿ’ ಎಂದೆ. ತುರುಕಿದ ಮೇಲೆ ಅಡಕೊತ್ತಿನ ನೆನಪಾಯಿತು. ಅವ್ವನ ಅಡಕೊತ್ತು! ನನ್ನ ಬಾಯಿಯೂ ಅದೇ ಊರಿನ ಬಾಯಿಯಲ್ಲವೇ, ತೆರೆದೇಬಿಟ್ಟಿತು. ‘ಅದರಾಗಿಂದು ಅಡಕೊತ್ತು ಅಷ್ಟ ಕೊಡು’ ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಹಲ್ಲಿನಿಂದ ನಾಲಗೆಯನ್ನು ಕಚ್ಚಿ ಹಿಡಿದೆ. ಬಾಯಿ ಉಪ್ಪುಪ್ಪಾಯಿತು. ಇನ್ನು ಅಲ್ಲಿ ಒಂದು ಗಳಿಗೆ ನಿಂತರೂ ಕೇಳಿಬಿಡುತ್ತೇನೆಂದು ಹೆದರಿ, ಮಂಡಿನೋವನ್ನೂ ಲೆಕ್ಕಿಸದೆ ಹಲಗೆಯ ಮೇಲೆ ದಡದಡ ಇಳಿದೆ.

ನೆಲ ಮುಟ್ಟಿ ನಾಲ್ಕು ಹೆಜ್ಜೆ ಹೋಗಿರಬೇಕು, ಹಿಂದಿನಿಂದ ಕೂಗು ಕೇಳಿತು. ‘ಅಕ್ಕಾರ! ಅಕ್ಕಾರ, ನಿಂದರ್ರಿ! ಅಡಕೊತ್ತು ಇದರಾಗ ಉಳದೈತ್ರಿ!’ ತಿರುಗಿ ನೋಡಲು ಧೈರ್ಯವಾಗಲಿಲ್ಲ. ನೋಡಿದರೆ ಕೈ ಚಾಚುತ್ತೇನೆ, ಚಾಚಿದರೆ ಕೆಟ್ಟಿತು. ಸೀರೆಯ ನಿರಿಗೆ ಎತ್ತಿ ಹಿಡಿದುಕೊಂಡು ಓಡಿದೆ. ನನ್ನ ಈ ದೇಹ ಹೊತ್ತು, ಈ ವಯಸ್ಸಿನಲ್ಲಿ, ಮೀನಿನ ಬುಟ್ಟಿಗಳನ್ನು ದಾಟಿ, ಕ್ಷೌರದವನ ಕುರ್ಚಿಯನ್ನು ಬೀಳಿಸಿ ಓಡಿದೆ. ಜನ ಬಿದ್ದು ಬಿದ್ದು ನಕ್ಕರು. ಬೆನ್ನಹಿಂದೆ ಚಪ್ಪಲಿಯ ಸದ್ದು ಹತ್ತಿರವಾಗುತ್ತಲೇ ಇತ್ತು. ಕಡೆಗೆ ಉಪ್ಪಿನ ಗೋದಾಮಿನ ಗೋಡೆಗೆ ಒರಗಿ, ‘ಬ್ಯಾಡ ನನಗ! ಇಟ್ಕೋ! ಹತ್ರ ಬಂದ್ರ ಒದಿತೀನಿ ನೋಡು!’ ಎಂದು ಕಿರುಚಿದೆ. ಹಾಲವ್ವ ಅಡಕೊತ್ತನ್ನು ಮುಂದೆ ಚಾಚಿಕೊಂಡು ಏದುಸಿರು ಬಿಡುತ್ತ ನಿಂತಿದ್ದಳು. ಆಗ ನಗು ನಿಂತಿತು. ಅವಳು ಮೆಲ್ಲಗೆ ತಲೆ ಬಗ್ಗಿಸಿ ತಾನು ನಿಂತ ಜಾಗವನ್ನು ನೋಡಿದಳು. ಚಪ್ಪಲಿ ಕಳಚಿ, ಬರಿಗಾಲಿನಿಂದ ಆ ಮಣ್ಣನ್ನು ಒತ್ತಿ ನೋಡಿದಳು.

ಅಳುತ್ತಾಳೆಂದುಕೊಂಡೆ. ಅಳಲಿಲ್ಲ. ಒಂದು ಕೈಯಲ್ಲಿ ಅಡಕೊತ್ತು, ಇನ್ನೊಂದರಲ್ಲಿ ಸಂಚಿ ಹಿಡಿದುಕೊಂಡು ಮಗಳ ಹತ್ತಿರ ಹೋಗಿ, ‘ಇಷ್ಟ್ ಬಿಸಲಾಗ ಯಾಕ್ ಬಂದೀಯ ಹುಚ್ಚ್ ಹುಡುಗಿ? ನಡಿ ಮನಿಗೆ’ ಎಂದು ಗದರಿದಳು. ಅತ್ತವಳು ನಾನು. ಬಿಕ್ಕಿ ಬಿಕ್ಕಿ ಅತ್ತೆ. ನಾಲಗೆ ಉರಿಯುತ್ತಿತ್ತು, ಬಾಯಿಗೆ ಎಲೆಯೂ ಇರಲಿಲ್ಲ.

ಊರಿನವರು ಇದನ್ನು ಹೇಗೆ ಅರಗಿಸಿಕೊಂಡರೆಂದು ಹೇಳಿದರೆ ನೀವು ನಗುತ್ತೀರಿ. ನಾನು ಹಡಗಿನ ಸಾಮಾನು ಕದ್ದು ಓಡಿದೆನೆಂದು ಕೆಲವರು ಅಂದರು. ಗಂಗಾಂಬಿಕೆ ಮಾತ್ರ, ಕೆಲಸ ಮಾಡಿದ್ದು ತನ್ನ ಸೀರೆಯೇ, ಗುಣ ಹತ್ತಲು ಸ್ವಲ್ಪ ತಡವಾಯಿತು ಅಷ್ಟೆ ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಳು. ಪತ್ರಿಕೆಯಲ್ಲಿ ಅವಳ ಫೋಟೋ ಬಂತು, ತಲೆಬರಹವೂ ಪಂಚಾಕ್ಷರಪ್ಪನವರು ಹೇಳಿಕೊಟ್ಟದ್ದೇ. ಬ್ಯಾಂಕಿನವರು ಕರೆದು ಶಾಲು ಹೊದಿಸಿದರು. ಹೊದಿಸಿಕೊಂಡು ಹಾರದ ಜೊತೆಗೆ ಹಣ್ಣಿನ ಬುಟ್ಟಿಯನ್ನೂ ಕೇಳಿ ತಂದಳು. ಅಡಕೊತ್ತು ಪರರ ಪಾಲಾಯಿತೆಂದು ನನ್ನೊಂದಿಗೆ ಇಂದಿಗೂ ಸರಿಯಾಗಿ ಮಾತಾಡುವುದಿಲ್ಲ. ಅದೊಂದು ಲಾಭ. ಹಾಲವ್ವನ ಜಾಗಕ್ಕೆ ಅದೇ ದಿನ ಸಂಜೆ ಒಬ್ಬಳು ಹಡಗು ಹತ್ತಿದಳು. ಮಗುವನ್ನು ಅಜ್ಜಿಯ ಕಂಕುಳಿಗೆ ಕೊಟ್ಟು, ಈಗ ಬಂದುಬಿಡುತ್ತೇನೆ ಎನ್ನುವಂತೆ ಕೈ ಬೀಸಿ ಹತ್ತಿದಳಂತೆ.

ಬಾಣಂತನದ ನಡುವೆ ಒಂದು ದಿನ ಹಾಲವ್ವ ನನ್ನ ಅಂಗಡಿಗೆ ಬಂದಳು. ಮೈಯೆಲ್ಲ ಎಣ್ಣೆ, ಸಾಂಬ್ರಾಣಿ ವಾಸನೆ; ಸೀರೆಯ ಅಂಚು ಬಚ್ಚಲ ನೀರಿಗೆ ಒದ್ದೆ. ಹೆಣ್ಣುಮಗುವಂತೆ. ಕುಲಾವಿಗೆಂದು ಮೆತ್ತನೆಯ ಬಿಳಿ ಬಟ್ಟೆ ಕೇಳಿದಳು. ಉಪಕಾರ, ಋಣ, ದೇವರು ಬಂದಂಗ ಬಂದ್ರಿ, ಇಂಥದ್ದೇನಾದರೂ ಆಡುತ್ತಾಳೆಂದು ನಾನು ಬಿಗಿಯಾಗಿ ಕುಳಿತಿದ್ದೆ. ಒಂದೂ ಆಡಲಿಲ್ಲ. ಅಳೆದು ಕತ್ತರಿ ಇಟ್ಟೆ. ‘ಒಂದು ಬಳ್ಳು ಮುಂದ ಸರಸ್ರಿ ಅಕ್ಕಾರ’ ಎಂದಳು.

ನನಗೆ ರೇಗಿ ಹೋಯಿತು. ‘ನಾಚಿಕಿ ಆಗಂಗಿಲ್ಲೇನ ನಿನಗ? ನನ್ನ ಸಂಚಿ ಹೋತು, ನಮ್ಮವ್ವನ ಅಡಕೊತ್ತು ಹೋತು, ನಾಲಿಗಿ ಇನ್ನೂ ಖಾರ ತಾಳಂಗಿಲ್ಲ. ಅಷ್ಟು ಕೊಟ್ಟಿದ್ದು ಸಾಲದೇನು?’ ಎಂದು ಒದರಿದೆ. ಹಾಲವ್ವ ಬಟ್ಟೆಯ ಮೇಲೆ ಕೈಯಾಡಿಸಿ ಮೆದುವಾಗಿದೆಯೇ ಎಂದು ನೋಡುತ್ತ, ಒಂದಿಷ್ಟೂ ಗಲಿಬಿಲಿಯಿಲ್ಲದೆ ಹೇಳಿದಳು: ‘ಅದು ನನಗ ಕೊಟ್ಟಿದ್ರಿ ಅಕ್ಕಾರ. ಇದು ಕೂಸಿಗೆ.’

ಬಯ್ಯುತ್ತಲೇ ಕತ್ತರಿ ಸರಿಸಿದೆ. ಒಂದಲ್ಲ, ಎರಡು ಬೆರಳು.